ಸ್ಥಿತಿ ಮತ್ತು ಗತಿ: ಮಹಾಪಧಮನಿಯ ಕವಾಟ ಕಿರಿದಾಗುವ ಬಗೆ



ನನ್ನ ದೊಡ್ಡಪ್ಪ ತೀರ್ಥಹಳ್ಳಿ ಸೀಮೆಯ ಅಡಿಕೆ ಕೃಷಿಕರು. ಮನೆ ದಿಬ್ಬದ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಎಪ್ಪತ್ತು ದಾಟಿದ ಮೇಲೂ ದಿನಕ್ಕೆರಡು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಅದು ದಿನಕ್ಕೊಂದು ಸಲವಾಯಿತು. ಮರುವರ್ಷ ಕೊನೆಕೊಯ್ಲಿನ ಹೊತ್ತಿಗೆ ಮಾತ್ರ ಇಳಿದರು. ಆಮೇಲೆ ಜಗಲಿಯಲ್ಲಿ ಕೂತೇ ಆಳುಗಳಿಗೆ ಹೇಳಿ ಕೆಲಸ ಮಾಡಿಸತೊಡಗಿದರು. ನಾನಾಗ ಹೃದ್ರೋಗ ವಿಭಾಗದಲ್ಲಿ ಕಲಿಯುತ್ತಿದ್ದವನು. ರಜೆಗೆ ಹೋದಾಗ ಕೇಳಿದೆ: “ಏನಾದ್ರೂ ತೊಂದ್ರೆ ಇದ್ಯಾ ದೊಡ್ಡಪ್ಪ?” “ಎಂತದೂ ಇಲ್ಲ ಮಾರಾಯ, ವಯಸ್ಸಾಗ್ಲಿಲ್ವಾ?” ಎಂದರು. ನಾನು ನಂಬಿದೆ.

ಒಂದು ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಾಗ ಕಣ್ಣು ಕತ್ತಲೆ ಬಂದು ಬಿದ್ದರು. ಎಕೋ, ಅಂದರೆ ಶಬ್ದತರಂಗದಿಂದ ಹೃದಯವನ್ನು ನೋಡುವ ಪರೀಕ್ಷೆ, ಮಾಡಿಸಿದೆವು. ಕವಾಟದ ಮೂಲಕ ರಕ್ತ ಸೆಕೆಂಡಿಗೆ 4.8 ಮೀಟರ್ ವೇಗದಲ್ಲಿ ಚಿಮ್ಮುತ್ತಿತ್ತು. ಆಪರೇಷನ್ನಿಗೆ ದಿನ ಗೊತ್ತುಮಾಡಿ, ದುಡ್ಡು ಹೊಂದಿಸಿಕೊಳ್ಳುವಷ್ಟರಲ್ಲಿ ತೀರಿಕೊಂಡರು. ಹದಿಮೂರನೇ ದಿನ ಕಳೆದ ಮೇಲೆ ಅವರ ಪೆಟ್ಟಿಗೆ ತೆಗೆದಾಗ, ಅಡಿಕೆ ಮಂಡಿಯ ಪಟ್ಟಿಗಳ ನಡುವೆ ಆರು ವರ್ಷ ಹಳೆಯ ಇನ್ನೊಂದು ಎಕೋ ವರದಿ ಸಿಕ್ಕಿತು. ಅದರಲ್ಲಿ ವೇಗ 2.9. “ಕವಾಟ ಸ್ವಲ್ಪ ದಪ್ಪಗಾಗಿದೆ, ಚಿಂತೆಯಿಲ್ಲ” ಎಂದು ಆಗ ಅವರಿಗೆ ಹೇಳಿ ಕಳಿಸಿದ್ದರಂತೆ. ಮತ್ತೆ ಯಾವಾಗ ಬರಬೇಕೆಂದು ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಆ ಎರಡು ಸಂಖ್ಯೆಗಳ ನಡುವಿನ ಆರು ವರ್ಷಗಳೇ ಈ ಹೊತ್ತಿನ ನನ್ನ ವಿಷಯ. ಒಂದು ಅಳತೆ ರೋಗದ ಸ್ಥಿತಿಯನ್ನು ಹೇಳುತ್ತದೆ. ಗತಿಯನ್ನು ತಿಳಿಯಲು ಎರಡು ಅಳತೆ ಬೇಕು. ಮಹಾಪಧಮನಿ ಕವಾಟದ ಕಾಯಿಲೆಯಲ್ಲಿ ಪ್ರಾಣ ನಿಂತಿರುವುದು ಬಹುಮಟ್ಟಿಗೆ ಈ ಗತಿಯ ಮೇಲೆ.

ಹೃದಯದ ಎಡ ಹೃತ್ಕುಕ್ಷಿಯಿಂದ ರಕ್ತ ಮೈಗೆಲ್ಲ ಹೊರಡುವ ಬಾಯಲ್ಲಿ ಮೂರು ಎಸಳಿನ ಈ ಕವಾಟವಿದೆ. ಎಸಳುಗಳು ಒಂದು ಮಿಲಿಮೀಟರಿಗಿಂತ ತೆಳು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ಪೂರ್ತಿ ತೆರೆದಾಗ ದಾರಿ 3ರಿಂದ 4 ಚದರ ಸೆಂಟಿಮೀಟರ್, ಸುಮಾರಾಗಿ ಒಂದು ರೂಪಾಯಿ ನಾಣ್ಯದಷ್ಟು. ಎಸಳುಗಳು ಗಟ್ಟಿಯಾಗಿ, ಸುಣ್ಣಗಟ್ಟಿ ಆ ದಾರಿ 1 ಚದರ ಸೆಂಟಿಮೀಟರಿಗೆ, ಅಂದರೆ ಕಿರುಬೆರಳಿನ ಉಗುರಿನಷ್ಟಕ್ಕೆ ಇಳಿದಾಗ ನಾವು ಅದನ್ನು ತೀವ್ರ ಎನ್ನುತ್ತೇವೆ.

ಕೆರೆಯ ತೂಬಿನ ಬಾಯಿ ಕಿರಿದಾದರೆ ನೀರು ರಭಸದಿಂದ ಚಿಮ್ಮುವುದನ್ನು ನೋಡಿದವರಿಗೆ ಎಕೋ ವರದಿ ಅರ್ಥವಾಗುತ್ತದೆ. ಡಾಪ್ಲರ್ ಯಂತ್ರ ಆ ರಭಸವನ್ನೇ ಅಳೆಯುತ್ತದೆ. ವೇಗವನ್ನು ವರ್ಗಮಾಡಿ ನಾಲ್ಕರಿಂದ ಗುಣಿಸಿದರೆ ಕವಾಟದ ಆಚೀಚಿನ ಒತ್ತಡದ ಅಂತರ, ಅಂದರೆ ಗ್ರೇಡಿಯೆಂಟ್, ಪಾದರಸದ ಮಿಲಿಮೀಟರಿನಲ್ಲಿ ಸಿಗುತ್ತದೆ. ಈ ಸರಳ ಸೂತ್ರವನ್ನು 1970ರ ದಶಕದಲ್ಲಿ ನಾರ್ವೆಯ ಸಂಶೋಧಕರು ಬಳಕೆಗೆ ತಂದರು. ಅವರಲ್ಲಿ ಲಿವ್ ಹಾಟ್ಲೆ ಎಂಬ ವೈದ್ಯೆಯ ಹೆಸರನ್ನು ನಮ್ಮ ವೃತ್ತಿಯವರು ಗೌರವದಿಂದ ನೆನೆಯುತ್ತಾರೆ. ಅದಕ್ಕೆ ಮೊದಲು ಇದೇ ಒತ್ತಡ ತಿಳಿಯಲು ರೋಗಿಯ ರಕ್ತನಾಳದೊಳಗೆ ನಳಿಗೆ ತೂರಿಸಬೇಕಿತ್ತು. ಈಗ ಲೆಕ್ಕ ನೋಡಿ. ವೇಗ 3 ಆದರೆ ಅಂತರ 36. ವೇಗ 4 ಆದರೆ 64. ವೇಗ 5 ಆದರೆ 100. ವೇಗ ಒಂದೊಂದೇ ಮೀಟರ್ ಏರಿದರೂ ಹೃದಯದ ಹೊರೆ ಏರುವುದು ಒಂದೇ ಸಮನಾಗಿ ಅಲ್ಲ. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಎತ್ತರ. 2ರಿಂದ 3ರೊಳಗಿನದು ಸೌಮ್ಯ, 3ರಿಂದ 4ರೊಳಗಿನದು ಮಧ್ಯಮ, 4 ಮುಟ್ಟಿದರೆ ತೀವ್ರ.

ಈ ಸುಣ್ಣ ಎಲ್ಲಿಂದ ಬಂತು? ಹಳ್ಳಿಯಿಂದ ಬಂದ ಹಿರಿಯರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ, ಎಲೆಯಡಿಕೆಗೆ ಸುಣ್ಣ ಹಚ್ಚಿಕೊಳ್ಳುವುದನ್ನು ಬಿಟ್ಟರೆ ಕಡಿಮೆಯಾಗುತ್ತದೆಯೇ, ಹಾಲು ಬಿಡಬೇಕೇ ಎಂದು. ಕೇಳುವುದು ಸಹಜ. ಗಡಸು ನೀರಿನ ಊರುಗಳಲ್ಲಿ ಹಂಡೆಯ ತಳಕ್ಕೆ ಬಿಳಿ ಪದರ ಕಟ್ಟುವುದನ್ನು ಅವರು ದಿನವೂ ನೋಡುತ್ತಾರೆ. ವೈದ್ಯರೂ ಬಹುಕಾಲ ಹಾಗೆಯೇ ಯೋಚಿಸಿದರು. 1904ರಲ್ಲಿ ಜರ್ಮನಿಯ ರೋಗವಿಜ್ಞಾನಿ ಮೆಂಕೆಬರ್ಗ್ ಇದನ್ನು ಮುಪ್ಪಿನ ಸವೆತವೆಂದು ವಿವರಿಸಿದರು; ಆ ಮಾತು ಸುಮಾರು ಒಂದು ಶತಮಾನ ಉಳಿಯಿತು. ಕಳೆದ ಮೂವತ್ತು ವರ್ಷಗಳಲ್ಲಿ ಸೂಕ್ಷ್ಮದರ್ಶಕ ಬೇರೆಯದನ್ನು ತೋರಿಸಿದೆ. ಮೊದಲು ಎಸಳಿನ ಮೇಲ್ಪದರಕ್ಕೆ ಪೆಟ್ಟಾಗುತ್ತದೆ. ಆ ಜಾಗದಿಂದ ಕೊಬ್ಬು ಒಳಗಿಳಿಯುತ್ತದೆ, ಉರಿಯೂತದ ಕಣಗಳು ಬಂದು ಸೇರುತ್ತವೆ. ಕೊನೆಗೆ ಎಸಳಿನ ಒಳಗಿನ ಸಾಧಾರಣ ಕಣಗಳೇ ತಮ್ಮ ಗುಣ ಬದಲಿಸಿ, ಮೂಳೆ ಕಟ್ಟುವ ಕಣಗಳಂತೆ ಕೆಲಸ ಮಾಡತೊಡಗುತ್ತವೆ. ಶಸ್ತ್ರಕ್ರಿಯೆಯಲ್ಲಿ ತೆಗೆದ ಕೆಲವು ಕವಾಟಗಳಲ್ಲಿ ಮಜ್ಜೆ ಸಹಿತ ನಿಜವಾದ ಮೂಳೆಯೇ ಸಿಕ್ಕಿದೆ. ಇದು ಹಂಡೆಯ ಪದರದಂತೆ ತಾನಾಗಿ ಕೂತದ್ದಲ್ಲ, ದೇಹವೇ ತಪ್ಪು ಜಾಗದಲ್ಲಿ ಕಟ್ಟಿದ್ದು. ಹಾಲು ಮೊಸರು ಬಿಟ್ಟರೆ ಕವಾಟ ತೆಳುವಾಗುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಈ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗಬಾರದು.

ಕೊಬ್ಬಿನಿಂದ ಶುರುವಾಗುವ ಕಾಯಿಲೆಯಾದರೆ ಕೊಬ್ಬು ಇಳಿಸುವ ಸ್ಟಾಟಿನ್ ಔಷಧಿ ಅದನ್ನು ತಡೆಯಬೇಕಲ್ಲವೇ? ಹೃದ್ರೋಗ ವಿಜ್ಞಾನ ಈ ಪ್ರಶ್ನೆಯ ಮೇಲೆ ದೊಡ್ಡ ಆಸೆ ಇಟ್ಟಿತ್ತು. 2005ರಲ್ಲಿ ಸ್ಕಾಟ್‌ಲೆಂಡಿನ ಸಾಲ್ಟೈರ್ ಅಧ್ಯಯನ 155 ರೋಗಿಗಳ ಮೇಲೆ ಅಟೋರ್ವಾಸ್ಟಾಟಿನ್ ಪ್ರಯೋಗಿಸಿತು. 2008ರಲ್ಲಿ ಸೀಸ್ ಎಂಬ ಇನ್ನೂ ದೊಡ್ಡ ಅಧ್ಯಯನದಲ್ಲಿ 1873 ರೋಗಿಗಳಿದ್ದರು. 2010ರಲ್ಲಿ ಕೆನಡಾದ ಅಸ್ಟ್ರಾನಮರ್ ಬಂತು. ಮೂರರಲ್ಲೂ ರಕ್ತದ ಕೊಬ್ಬು ಚೆನ್ನಾಗಿ ಇಳಿಯಿತು, ಕವಾಟ ಮಾತ್ರ ತನ್ನ ಪಾಡಿಗೆ ತಾನು ಕಿರಿದಾಗುತ್ತಲೇ ಹೋಯಿತು. ನಾನು ಈ ಸೋಲನ್ನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಕಾಯಿಲೆಯನ್ನು ಹೊತ್ತಿಸುವ ಕಾರಣ ಒಂದು, ಅದನ್ನು ಮುಂದೊಯ್ಯುವ ಕಾರಣ ಇನ್ನೊಂದು ಎಂಬುದು ಇದರಿಂದ ತಿಳಿಯಿತು. ಹುಲ್ಲಿನ ಬಣವೆಗೆ ಬೆಂಕಿ ಬಿದ್ದ ಮೇಲೆ ಕಡ್ಡಿ ಆರಿಸಿ ಏನು ಪ್ರಯೋಜನ? ಒಮ್ಮೆ ಸುಣ್ಣ ಕಟ್ಟಿದರೆ ಗಟ್ಟಿಯಾದ ಎಸಳು ಪ್ರತಿ ಬಡಿತಕ್ಕೂ ಇನ್ನಷ್ಟು ಎಳೆತಕ್ಕೆ ಸಿಕ್ಕಿ ನೋಯುತ್ತದೆ, ಆ ನೋವು ಇನ್ನಷ್ಟು ಸುಣ್ಣ ಕಟ್ಟಿಸುತ್ತದೆ. ಮೂಳೆ ಸವೆತಕ್ಕೆ ಕೊಡುವ ಔಷಧಿಗಳನ್ನೂ, ಕೆ2 ಜೀವಸತ್ವವನ್ನೂ ಪ್ರಯೋಗಿಸಿ ನೋಡಿದ್ದಾಗಿದೆ, ಅವೂ ತಡೆಯಲಿಲ್ಲ. ಹಾಗೆಂದು ಯಾರೂ ಸ್ಟಾಟಿನ್ ಬಿಡಬೇಡಿ. ಹೃದಯದ ಸ್ವಂತ ರಕ್ತನಾಳಗಳನ್ನು ಅದು ಕಾಯುತ್ತದೆ.

ಹಾಗಾದರೆ ಯಾರ ಕವಾಟ ಬೇಗ ಕಿರಿದಾಗುತ್ತದೆ?

ಅಮೆರಿಕದ ಸಿಯಾಟಲ್‌ನಲ್ಲಿ ಕ್ಯಾಥರೀನ್ ಆಟ್ಟೊ ಮತ್ತು ಸಂಗಡಿಗರು ಲಕ್ಷಣಗಳಿಲ್ಲದ 123 ಜನರನ್ನು ವರ್ಷವರ್ಷವೂ ಎಕೋ ಮಾಡಿ ಹಿಂಬಾಲಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ವೇಗ ವರ್ಷಕ್ಕೆ ಸರಾಸರಿ 0.32 ಮೀಟರ್ ಏರಿತ್ತು, ದಾರಿ ವರ್ಷಕ್ಕೆ ಸುಮಾರು 0.12 ಚದರ ಸೆಂಟಿಮೀಟರ್ ಕಿರಿದಾಗಿತ್ತು. ನನ್ನ ದೊಡ್ಡಪ್ಪನ ಲೆಕ್ಕ ಹಾಕಿ: ಆರು ವರ್ಷಕ್ಕೆ 1.9 ಮೀಟರ್, ವರ್ಷಕ್ಕೆ ಸರಿಯಾಗಿ ಸರಾಸರಿಯಷ್ಟೇ. ಅವರದು ಅಪರೂಪದ ಕೇಸಾಗಿರಲಿಲ್ಲ. ಮೊದಲ ವರದಿ ಓದಿದವರು ಒಂದು ಗುಣಾಕಾರ ಮಾಡಿದ್ದರೆ ಸಾಕಿತ್ತು, ನಾಲ್ಕನೆಯ ವರ್ಷದ ಹೊತ್ತಿಗೆ ಇದು ತೀವ್ರವಾಗಬಹುದೆಂದು ಕಾಣುತ್ತಿತ್ತು.

ಆದರೆ ಇದೇ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆಯಿದೆ, ಅದರತ್ತ ಹೆಚ್ಚು ಜನ ಕಣ್ಣು ಹಾಯಿಸುವುದಿಲ್ಲ. ಸರಾಸರಿ 0.32, ಅದರ ಸುತ್ತಲಿನ ಚದುರುವಿಕೆ 0.34. ಸರಾಸರಿಗಿಂತ ಚದುರುವಿಕೆಯೇ ದೊಡ್ಡದು. ಅಂದರೆ ಕೆಲವರ ಕವಾಟ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ, ಕೆಲವರದು ಎರಡೇ ವರ್ಷದಲ್ಲಿ ಸೌಮ್ಯದಿಂದ ತೀವ್ರಕ್ಕೆ ಜಿಗಿಯುತ್ತದೆ. ಸರಾಸರಿಯನ್ನು ನಂಬಿ ಎದುರಿಗೆ ಕೂತ ಮನುಷ್ಯನಿಗೆ ಭವಿಷ್ಯ ಹೇಳಲಾಗದು. ಅವನ ಗತಿಯನ್ನು ಅವನ ಎರಡು ವರದಿಗಳಿಂದಲೇ ಓದಬೇಕು.

ಕೆಲವು ಸುಳಿವುಗಳು ಮಾತ್ರ ಗಟ್ಟಿ. ಮೊದಲನೆಯದು ಈಗಾಗಲೇ ಎಷ್ಟು ಕಿರಿದಾಗಿದೆ ಎಂಬುದು. ಸಿಯಾಟಲ್‌ನ ರೋಗಿಗಳಲ್ಲಿ ವೇಗ 3ಕ್ಕಿಂತ ಕಡಿಮೆ ಇದ್ದವರ ಪೈಕಿ ಎರಡು ವರ್ಷ ಸಾವಾಗಲಿ ಶಸ್ತ್ರಕ್ರಿಯೆಯಾಗಲಿ ಇಲ್ಲದೆ ಕಳೆದವರು ನೂರಕ್ಕೆ 84; 4 ದಾಟಿದವರ ಪೈಕಿ ಬರೀ 21. ಎರಡನೆಯದು ಸುಣ್ಣ. ವಿಯೆನ್ನಾದ ರೋಸೆನ್‌ಹೆಕ್ ಮತ್ತು ಸಂಗಡಿಗರು ತೀವ್ರ ಕಾಯಿಲೆಯಿದ್ದೂ ಲಕ್ಷಣಗಳಿಲ್ಲದ 128 ಜನರ ಕಥೆಯನ್ನು 2000ದಲ್ಲಿ ಪ್ರಕಟಿಸಿದರು. ಕವಾಟದಲ್ಲಿ ಸುಣ್ಣ ಇಲ್ಲದವರು ಅಥವಾ ಅಲ್ಪವಿದ್ದವರ ಪೈಕಿ ನಾಲ್ಕು ವರ್ಷದ ನಂತರವೂ ನೂರಕ್ಕೆ 75 ಜನ ಆಪತ್ತಿಲ್ಲದೆ ಇದ್ದರು. ಸುಣ್ಣ ಹೆಚ್ಚಿದ್ದವರ ಪೈಕಿ ಹಾಗೆ ಉಳಿದವರು 20. ಆ ಅಧ್ಯಯನದ ಇನ್ನೊಂದು ಸಾಲು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ: ಸುಣ್ಣ ಹೆಚ್ಚಿದ್ದು, ಜೊತೆಗೆ ಒಂದೇ ವರ್ಷದಲ್ಲಿ ವೇಗ 0.3 ಅಥವಾ ಹೆಚ್ಚು ಏರಿದವರಲ್ಲಿ, ನೂರಕ್ಕೆ 79 ಜನ ಎರಡು ವರ್ಷದೊಳಗೆ ಶಸ್ತ್ರಕ್ರಿಯೆಗೆ ಒಳಗಾದರು ಅಥವಾ ತೀರಿಕೊಂಡರು. ಸ್ಥಿತಿ ಮತ್ತು ಗತಿ ಕೈಜೋಡಿಸಿದಾಗ ಹೀಗಾಗುತ್ತದೆ.

ಈಗ ಸುಣ್ಣವನ್ನು ಕಣ್ಣಂದಾಜಿನಿಂದ ಅಳೆಯಬೇಕಾಗಿಲ್ಲ. ಬಣ್ಣದ ದ್ರವ ಚುಚ್ಚದೆ ತೆಗೆಯುವ ಸಿಟಿ ಸ್ಕ್ಯಾನ್ ಅದಕ್ಕೊಂದು ಅಂಕ ಕೊಡುತ್ತದೆ. ಗಂಡಸರಲ್ಲಿ 2000, ಹೆಂಗಸರಲ್ಲಿ 1200 ದಾಟಿದರೆ ಕಿರಿದಾಗುವಿಕೆ ತೀವ್ರವಿರುವ ಸಂಭವವೇ ಹೆಚ್ಚು. ಹೆಂಗಸರಿಗೆ ಬೇರೆ ಗೆರೆ ಏಕೆಂದರೆ ಅವರ ಕವಾಟ ಕಡಿಮೆ ಸುಣ್ಣದಲ್ಲೇ ಬಿಗಿಯುತ್ತದೆ. ಅಲ್ಲಿ ನಾರುಗಟ್ಟುವುದು ಹೆಚ್ಚು. ಈ ವ್ಯತ್ಯಾಸ ತಿಳಿಯದ ಕಾಲದಲ್ಲಿ ಎಷ್ಟು ತಾಯಂದಿರಿಗೆ “ನಿಮ್ಮದು ಅಷ್ಟೇನಿಲ್ಲಮ್ಮ” ಎಂದು ಹೇಳಿ ಕಳಿಸಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳಿರುವವರು ನೂರಕ್ಕೆ ಒಬ್ಬಿಬ್ಬರು ಇದ್ದಾರೆ. ಲಿಯೊನಾರ್ಡೊ ಡಾ ವಿಂಚಿ ಐದು ಶತಮಾನಗಳ ಹಿಂದೆಯೇ ಅಂಥ ಕವಾಟದ ಚಿತ್ರ ಬರೆದಿದ್ದ. ಎರಡೇ ಎಸಳಿರುವವರಲ್ಲಿ ಕಾಯಿಲೆ ಒಂದೆರಡು ದಶಕ ಮುಂಚೆಯೇ ಬರುತ್ತದೆ. ಒಡಹುಟ್ಟಿದವರನ್ನೂ ಮಕ್ಕಳನ್ನೂ ಒಮ್ಮೆ ಪರೀಕ್ಷಿಸಬೇಕು. ಮೂತ್ರಪಿಂಡ ಸೋತವರಲ್ಲಿ, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಗತಿ ತೀರಾ ಜೋರು. ಬೀಡಿ ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಲ್ಲವೂ ತಮ್ಮ ಪಾಲು ಹಾಕುತ್ತವೆ. ಲೈಪೋಪ್ರೋಟೀನ್-ಎ ಎಂಬ ಕೊಬ್ಬಿನ ಕಣದ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು ಹೇಳಬೇಕು. ಅದರ ಮಟ್ಟವನ್ನು ಬಹುಪಾಲು ನಿರ್ಧರಿಸುವುದು ವಂಶವಾಹಿ. ಪಥ್ಯದಿಂದ ಅದು ಇಳಿಯುವುದಿಲ್ಲ. 2013ರಲ್ಲಿ ಇದರ ವಂಶವಾಹಿಗೂ ಕವಾಟದ ಸುಣ್ಣಕ್ಕೂ ಇರುವ ನಂಟು ಖಚಿತವಾಯಿತು. ಇದು ಹೆಚ್ಚಿರುವವರ ಕವಾಟ ಬೇಗ ಕಿರಿದಾಗುತ್ತದೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕಾಗುವ ರಕ್ತಪರೀಕ್ಷೆ ಇದು. ನಮ್ಮ ದೇಶದಲ್ಲಿ ಇದರ ಜೊತೆಗೆ ಬಾಲ್ಯದ ಸಂಧಿವಾತ ಜ್ವರದಿಂದ ಕೆಟ್ಟ ಕವಾಟಗಳೂ ಇವೆ. ಅಲ್ಲಿ ಎಸಳುಗಳ ಅಂಚು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬಹುತೇಕ ಮೈಟ್ರಲ್ ಎಂಬ ಇನ್ನೊಂದು ಕವಾಟವೂ ಕೆಟ್ಟಿರುತ್ತದೆ. ಅದು ಬೇರೆಯೇ ಉಪನ್ಯಾಸದ ವಿಷಯ.

ಗತಿ ಎಂದೆ. ಗತಿಯನ್ನು ಅಳೆಯುವ ಕೈ ನಡುಗಬಾರದು. ಡಾಪ್ಲರ್ ಕಿರಣ ರಕ್ತದ ಚಿಲುಮೆಯ ನೇರಕ್ಕೆ ಹಿಡಿಯದಿದ್ದರೆ ವೇಗ ಕಡಿಮೆ ಕಾಣುತ್ತದೆ. ಅದಕ್ಕೇ ಎದೆಯ ಒಂದೇ ಕಡೆಯಿಂದ ನೋಡಿ ಮುಗಿಸದೆ, ಬಲಗಡೆಯಿಂದಲೂ ಕೊರಳ ಕುಳಿಯಿಂದಲೂ ಹುಡುಕಬೇಕು. ರಕ್ತಹೀನತೆ ಇದ್ದರೆ ಹೃದಯ ಹೆಚ್ಚು ರಕ್ತ ತಳ್ಳುವುದರಿಂದ ವೇಗ ಹುಸಿಯಾಗಿ ಏರುತ್ತದೆ. ನಮ್ಮ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಇನ್ನೂ ಅಪಾಯದ್ದು. ಹೃದಯವೇ ಸೋತು ತಳ್ಳುವ ಶಕ್ತಿ ಕುಂದಿದರೆ, ಕವಾಟ ಎಷ್ಟೇ ಬಿಗಿದಿದ್ದರೂ ವೇಗ ಇಳಿಯುತ್ತದೆ. ಹಿಂದಿನ ವರ್ಷ 4.2 ಇದ್ದದ್ದು ಈ ವರ್ಷ 3.5 ಆಯಿತೆಂದು ಸಂತೋಷಪಡುವ ಮುನ್ನ ಹೃದಯದ ಬಲವನ್ನು ನೋಡಬೇಕು. ಕವಾಟ ತಾನಾಗಿ ಅಗಲವಾಗುವುದಿಲ್ಲ.

ಇನ್ನು ಲಕ್ಷಣಗಳು. 1968ರಲ್ಲಿ ರಾಸ್ ಮತ್ತು ಬ್ರಾನ್‌ವಾಲ್ಡ್ ಎಂಬ ವೈದ್ಯರು ಬರೆದ ಲೇಖನವೊಂದರ ನಕ್ಷೆಯನ್ನು ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಕಲಿಯುತ್ತಾರೆ. ವರ್ಷಗಟ್ಟಲೆ ಬದುಕುಳಿದವರ ಗೆರೆ ಸಮತಟ್ಟಾಗಿ ಹೋಗುತ್ತದೆ. ಲಕ್ಷಣ ಕಾಣಿಸಿದೊಡನೆ ಪ್ರಪಾತಕ್ಕೆ ಬೀಳುತ್ತದೆ. ಎದೆನೋವು ಶುರುವಾದರೆ ಸರಾಸರಿ ಐದು ವರ್ಷ, ಪ್ರಜ್ಞೆ ತಪ್ಪಿದರೆ ಮೂರು, ಹೃದಯ ಸೋತು ಏದುಸಿರು ಬಂದರೆ ಎರಡು. ಆದ್ದರಿಂದಲೇ ಲಕ್ಷಣ ಬರುವವರೆಗೆ ಕಾಯುವುದು, ಬಂದ ಕೂಡಲೇ ಕವಾಟ ಬದಲಿಸುವುದು ನಮ್ಮ ನಿಯಮವಾಯಿತು. ನಿಯಮ ಸರಿಯೇ, ಆದರೆ ಅದು ರೋಗಿಯ ಬಾಯಿಮಾತಿನ ಮೇಲೆ ನಿಂತಿದೆ. ದೊಡ್ಡಪ್ಪನಿಗೆ ಏದುಸಿರು ಬರಲಿಲ್ಲ, ಏಕೆಂದರೆ ಏದುಸಿರು ಬರುವ ದಾರಿಯನ್ನೇ ಅವರು ಬಿಟ್ಟುಬಿಟ್ಟಿದ್ದರು. ನಮ್ಮ ಹಿರಿಯರು ಕಾಯಿಲೆಗೆ ತಕ್ಕಂತೆ ಬದುಕನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ, ಮನೆಯವರು ಅದಕ್ಕೆ ವಯಸ್ಸು ಎಂದು ಹೆಸರಿಡುತ್ತಾರೆ. “ಏನಾದರೂ ತೊಂದರೆಯೇ” ಎಂಬುದು ಈ ಕಾಯಿಲೆಯಲ್ಲಿ ಕೇಳಬೇಕಾದ ಪ್ರಶ್ನೆಯಲ್ಲ. “ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಬಿಟ್ಟಿದ್ದೀರಿ” ಎಂದು ಕೇಳಬೇಕು. ಅನುಮಾನವಿದ್ದರೆ ವೈದ್ಯರ ಕಣ್ಣೆದುರೇ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಬಹುದು. ಲಕ್ಷಣವಿರುವವರಿಗೆ ಮಾತ್ರ ಆ ಪರೀಕ್ಷೆ ಸಲ್ಲದು. ಬಿಎನ್‌ಪಿ ಎಂಬ ರಕ್ತಪರೀಕ್ಷೆಯೂ ಹೃದಯದ ಬಳಲಿಕೆಯನ್ನು ಮುಂಚಿತವಾಗಿ ಹೇಳುತ್ತದೆ.

2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕಾಯುವಿಕೆಯನ್ನೇ ಪ್ರಶ್ನಿಸಿತು. ಅಮೆರಿಕ ಮತ್ತು ಕೆನಡಾದಲ್ಲಿ ತೀವ್ರ ಕಾಯಿಲೆಯಿದ್ದೂ ಲಕ್ಷಣಗಳಿಲ್ಲದ 901 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ, ಎದೆ ತೆರೆಯದೆ, ನಳಿಗೆಯ ಮೂಲಕ ಹೊಸ ಕವಾಟ. ಇನ್ನೊಂದನ್ನು ಕಾದು ನೋಡಿದರು. ಸಾವು, ಲಕ್ವ, ಹೃದಯದ ಕಾರಣಕ್ಕೆ ಅನಿರೀಕ್ಷಿತವಾಗಿ ಆಸ್ಪತ್ರೆ ಸೇರುವುದು, ಇವೆಲ್ಲ ಸೇರಿ ಮೊದಲ ಗುಂಪಿನಲ್ಲಿ ನೂರಕ್ಕೆ 26.8, ಎರಡನೆಯದರಲ್ಲಿ 45.3. ಸಾವಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ, ಆಸ್ಪತ್ರೆ ಸೇರುವುದರಲ್ಲೇ ಅಂತರ ದೊಡ್ಡದು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಕಾದು ನೋಡಿದ ಗುಂಪಿನ ಕಥೆ. ಅವರಲ್ಲಿ ನೂರಕ್ಕೆ 87 ಜನ ಕೊನೆಗೆ ಕವಾಟ ಬದಲಿಸಿಕೊಳ್ಳಲೇಬೇಕಾಯಿತು, ಅವರಲ್ಲಿ ಅರ್ಧದಷ್ಟು ಜನ ಒಂದು ವರ್ಷ ತುಂಬುವ ಮೊದಲೇ.

ಚಿಕಿತ್ಸೆಯ ಬಗ್ಗೆ ಎರಡೇ ಮಾತು. ಔಷಧಿಯಿಲ್ಲದಿದ್ದರೂ ದಾರಿಯಿದೆ. ಎದೆ ತೆರೆದು ಕವಾಟ ಬದಲಿಸುವ ಶಸ್ತ್ರಕ್ರಿಯೆ 1960ರಿಂದ ಇದೆ. 2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೂವಾನ್ ನಗರದಲ್ಲಿ ಅಲೇನ್ ಕ್ರಿಬಿಯೆ ಮೊದಲ ಬಾರಿಗೆ ನಳಿಗೆಯ ಮೂಲಕ ಕವಾಟ ಕೂರಿಸಿದರು. ಭಾರತದಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ, ಮೂರು ಮಾದರಿಗಳು ಸೋತ ಮೇಲೂ ಬಿಡದೆ, ನಾಲ್ಕನೆಯದರಲ್ಲಿ ಗೆದ್ದು, 1990ರ ಡಿಸೆಂಬರ್‌ನಲ್ಲಿ ನಮ್ಮದೇ ಕವಾಟವನ್ನು, ಎದೆ ತೆರೆಯುವ ಶಸ್ತ್ರಕ್ರಿಯೆಯಿಂದಲೇ, ರೋಗಿಗೆ ಅಳವಡಿಸಿತು. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು, 2024ರಲ್ಲಿ ಅಲ್ಲೇ ತೀರಿಕೊಂಡರು. ಬಡವರ ಕೈಗೆ ಎಟುಕುವ ಕವಾಟ ಬೇಕೆಂದು ಹಟ ಹಿಡಿದ ಆ ಹಿರಿಯರನ್ನು ಕರ್ನಾಟಕ ಮರೆಯಬಾರದು. ನಳಿಗೆಯ ಕವಾಟ ಇಂದಿಗೂ ಲಕ್ಷಗಳ ಮಾತು. ಆದ್ದರಿಂದಲೇ ಗತಿಯನ್ನು ಮುಂಚೆ ತಿಳಿಯುವುದು ನಮ್ಮವರಿಗೆ ಇನ್ನೂ ಮುಖ್ಯ. ಎರಡು ವರ್ಷದ ಮುನ್ಸೂಚನೆ ಸಿಕ್ಕಿದರೆ ಒಂದು ಕುಟುಂಬ ದುಡ್ಡು ಹೊಂದಿಸಬಹುದು, ಸರ್ಕಾರದ ಯೋಜನೆಗೆ ಅರ್ಜಿ ಹಾಕಬಹುದು, ಒಳ್ಳೆಯ ಆಸ್ಪತ್ರೆಯಲ್ಲಿ ಸರದಿ ಹಿಡಿಯಬಹುದು. ಎರಡು ವಾರದಲ್ಲಿ ಆಗುವ ಕೆಲಸಗಳಲ್ಲ ಇವು.

ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ಎಕೋ ವರದಿಯಲ್ಲಿ ಕವಾಟ ದಪ್ಪಗಾಗಿದೆ ಎಂದಿದ್ದರೆ ವೇಗ ಎಷ್ಟು ಎಂದು ಕೇಳಿ, ಮುಂದಿನ ಎಕೋ ಯಾವಾಗ ಎಂದು ಕೇಳಿ, ದಿನಾಂಕ ಬರೆಸಿಕೊಳ್ಳಿ. ಸೌಮ್ಯವಾಗಿದ್ದರೆ ಮೂರರಿಂದ ಐದು ವರ್ಷಕ್ಕೊಮ್ಮೆ, ಮಧ್ಯಮವಾಗಿದ್ದರೆ ಒಂದೆರಡು ವರ್ಷಕ್ಕೊಮ್ಮೆ, ತೀವ್ರವಾಗಿದ್ದರೆ ಆರು ತಿಂಗಳಿಂದ ವರ್ಷದೊಳಗೆ. 2.9ರಂತೆ ಗಡಿಯಲ್ಲಿ ನಿಂತವರು ಇನ್ನೂ ಬೇಗ ಹೋಗಬೇಕು. ಹಳೆಯ ವರದಿಯನ್ನು ಎಸೆಯಬೇಡಿ, ಪ್ರತಿ ಸಲವೂ ಜೊತೆಗೆ ಒಯ್ಯಿರಿ. ಮನೆಯಲ್ಲಿ ಹಿರಿಯರು ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತಿದ್ದರೆ, ದಿನವೂ ಹೋಗುತ್ತಿದ್ದ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟಿದ್ದರೆ, ಈ ವಾರವೇ ಅವರನ್ನು ಒಬ್ಬ ವೈದ್ಯರ ಬಳಿ ಕರೆದೊಯ್ದು ಎದೆಗೆ ಸ್ಟೆತಸ್ಕೋಪ್ ಇಡಿಸಿ.